ಡೇಟಾಬೇಸ್ ಪಾಠ ಕೈಬಿಟ್ಟ ಪ್ರಮಾಣಪತ್ರ ಪರೀಕ್ಷೆಗಳು: ನಷ್ಟ ಯಾರಿಗೆ?

ಜಾವಾ ಭಾಷೆಯ ಒಡೆತನ ಹೊಂದಿರುವ ಒರಾಕಲ್ ಸಂಸ್ಥೆ, ಆ ಭಾಷೆಯ 21ನೇ ಆವೃತ್ತಿಗಾಗಿ ರೂಪಿಸಿದ ವೃತ್ತಿಪರ ಪ್ರಮಾಣಪತ್ರ ಪರೀಕ್ಷೆಯ ಪಠ್ಯಕ್ರಮದಿಂದ ಒಂದು ಅಧ್ಯಾಯವನ್ನು ಸದ್ದಿಲ್ಲದೆ ಕೈಬಿಟ್ಟಿದೆ. ಜಾವಾದಲ್ಲಿ ಬರೆದ ತಂತ್ರಾಂಶವೊಂದು ಡೇಟಾಬೇಸ್ ಜತೆ ಹೇಗೆ ವ್ಯವಹರಿಸಬೇಕು ಎಂಬುದನ್ನು ಪರೀಕ್ಷಿಸುತ್ತಿದ್ದ ಜೆಡಿಬಿಸಿ ಅಧ್ಯಾಯವದು. 8, 11 ಹಾಗೂ 17ನೇ ಆವೃತ್ತಿಗಳ ಪರೀಕ್ಷೆಗಳಲ್ಲಿ ಅದಕ್ಕೆ ಸ್ಥಾನವಿತ್ತು. ಸಂಪರ್ಕ ಸ್ಥಾಪಿಸುವುದು, ಪ್ರಶ್ನೆ ಕಳುಹಿಸುವುದು, ಬಂದ ಉತ್ತರವನ್ನು ಸಾಲುಸಾಲಾಗಿ ಓದುವುದು, ವಹಿವಾಟನ್ನು ದೃಢಪಡಿಸುವುದು ಅಥವಾ ರದ್ದುಮಾಡುವುದು, ಇಷ್ಟನ್ನೂ ಅಭ್ಯರ್ಥಿ ಅರಿತಿರಬೇಕಿತ್ತು. ಹೊಸ ಪರೀಕ್ಷೆಗೆ ಕುಳಿತವನು ಈ ಯಾವುದನ್ನೂ ಓದದೆಯೇ 'ವೃತ್ತಿಪರ' ಎಂಬ ಪಟ್ಟ ಪಡೆಯಬಹುದು.

ಮೇಲ್ನೋಟಕ್ಕೆ ಇದು ಪಠ್ಯಕ್ರಮದ ಸಣ್ಣ ಪರಿಷ್ಕರಣೆ. ಪ್ರತಿ ಆವೃತ್ತಿಯಲ್ಲೂ ಒಂದೆರಡು ವಿಷಯಗಳು ಬರುತ್ತವೆ, ಒಂದೆರಡು ಹೋಗುತ್ತವೆ. ಆದರೆ ಬ್ಯಾಂಕಿನ ಖಾತೆ, ಆಸ್ಪತ್ರೆಯ ಕಡತ, ಪಹಣಿ, ಪರೀಕ್ಷಾ ಫಲಿತಾಂಶ, ಬಸ್ಸಿನ ಮುಂಗಡ ಟಿಕೆಟ್ ಎಲ್ಲವೂ ಡೇಟಾಬೇಸ್‌ನಲ್ಲೇ ಕುಳಿತಿರುವ ಈ ಕಾಲದಲ್ಲಿ, ತಂತ್ರಾಂಶ ಹಾಗೂ ಡೇಟಾಬೇಸ್ ನಡುವಿನ ಬಾಗಿಲನ್ನು ಕಾಯುವ ವಿದ್ಯೆಯೇ ಪರೀಕ್ಷೆಯಿಂದ ಹೊರಬಿದ್ದಿದೆ ಎಂದಾದರೆ ಅದನ್ನು ಸಣ್ಣದೆನ್ನಲಾಗದು. ಕರ್ನಾಟಕದ ಮಟ್ಟಿಗಂತೂ ಈ ಮಾತಿಗೆ ಇನ್ನಷ್ಟು ತೂಕವಿದೆ. ಪ್ರತಿವರ್ಷ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವ ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ಉದ್ಯೋಗದ ಬಾಗಿಲು ತಟ್ಟುವಾಗ ಪದವಿಯ ಜತೆಗೊಂದು ಪ್ರಮಾಣಪತ್ರವೂ ಇರಲೆಂದು ಬಯಸುತ್ತಾರೆ. ಪರೀಕ್ಷೆ ಏನನ್ನು ಕೇಳುತ್ತದೋ ಅದನ್ನಷ್ಟೇ ಓದುವುದು ನಮ್ಮಲ್ಲಿ ಬೇರೂರಿದ ರೂಢಿ. ಪರೀಕ್ಷೆ ಕೇಳದ್ದನ್ನು ಓದಿಸುವವರು ಯಾರು ಎಂಬುದೇ ಈಗಿನ ಪ್ರಶ್ನೆ.

ಇಡೀ ಪರೀಕ್ಷೆಯಿಂದ ಒಂದು ಅಧ್ಯಾಯಕ್ಕೆ

ಇಂದು ಕಾಣೆಯಾಗಿರುವ ಈ ವಿಷಯಕ್ಕೆ ಒಂದು ಕಾಲದಲ್ಲಿ ಪ್ರತ್ಯೇಕ ಪರೀಕ್ಷೆಯೇ ಇತ್ತೆಂಬುದು ಗಮನಾರ್ಹ. ಜಾವಾ ಜಗತ್ತಿಗೆ ಜೆಡಿಬಿಸಿ ಬಂದದ್ದು 1997ರಲ್ಲಿ. ಮೈಕ್ರೋಸಾಫ್ಟ್ ಸಂಸ್ಥೆಯ ಎಡಿಒ ಡಾಟ್‌ನೆಟ್ 2002ರಲ್ಲಿ ಬಳಕೆಗೆ ಬಂತು. ಎರಡೂ ಮಾಡುವ ಕೆಲಸ ಒಂದೇ. ಅನ್ವಯಿಕ ತಂತ್ರಾಂಶ ಬರೆಯುವವನಿಗೆ ಡೇಟಾಬೇಸ್ ಯಾವ ಕಂಪೆನಿಯದಾದರೂ ಒಂದೇ ರೀತಿಯಲ್ಲಿ ಅದನ್ನು ತಲುಪುವ ದಾರಿಯನ್ನು ಅವು ಹಾಕಿಕೊಟ್ಟವು.

ಮೈಕ್ರೋಸಾಫ್ಟ್ ಡಾಟ್‌ನೆಟ್ 3.5 ಆವೃತ್ತಿಗೆ 70-561 ಎಂಬ ಸಂಖ್ಯೆಯ ಪರೀಕ್ಷೆಯನ್ನು ನಡೆಸಿತು. 2010ರಲ್ಲಿ ಡಾಟ್‌ನೆಟ್ 4ರ ಜತೆ ಬಂದ 70-516 ಅದರ ಉತ್ತರಾಧಿಕಾರಿ. ಈ ಪರೀಕ್ಷೆಯ ಪಠ್ಯಕ್ರಮದಲ್ಲಿ ಐದು ಭಾಗಗಳಿದ್ದವು: ದತ್ತಾಂಶದ ಮಾದರಿ ರಚನೆ, ಸಂಪರ್ಕಗಳ ನಿರ್ವಹಣೆ, ದತ್ತಾಂಶವನ್ನು ಕೇಳಿ ಪಡೆಯುವುದು, ದತ್ತಾಂಶವನ್ನು ಬದಲಿಸುವುದು, ನಂಬಬಹುದಾದ ತಂತ್ರಾಂಶವನ್ನು ಕಟ್ಟಿ ಬಳಕೆಗೆ ಬಿಡುವುದು. ಒಬ್ಬ ಅಭ್ಯರ್ಥಿ ಇದಕ್ಕೆ ಸಿದ್ಧನಾಗಬೇಕಿದ್ದರೆ ತಿಂಗಳುಗಟ್ಟಲೆ ಡೇಟಾಬೇಸ್ ಒಂದನ್ನೇ ಹಿಡಿದು ಕೂರಬೇಕಾಗುತ್ತಿತ್ತು. ಅತ್ತ ಜಾವಾ ಕಡೆಯಲ್ಲೂ, ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯನ್ನು 2010ರಲ್ಲಿ ಕೊಂಡ ಒರಾಕಲ್, ಜಾವಾ ಇಇ 6 ಆವೃತ್ತಿಯಲ್ಲಿ ದತ್ತಾಂಶವನ್ನು ಉಳಿಸುವ ಹಾಗೂ ಮರಳಿ ಪಡೆಯುವ ಕೌಶಲಕ್ಕೆಂದೇ ಪ್ರತ್ಯೇಕ ಪರೀಕ್ಷೆಯೊಂದನ್ನು ನಡೆಸುತ್ತಿತ್ತು.

ಮುಂದಿನ ವರ್ಷಗಳಲ್ಲಿ ವಿಷಯ ಕುಗ್ಗತೊಡಗಿತು. 70-516ರ ಬಳಿಕ ಬಂದ 70-487 ಪರೀಕ್ಷೆಯಲ್ಲಿ ದತ್ತಾಂಶ ಬಳಕೆಯು ಹಲವು ಭಾಗಗಳ ಪೈಕಿ ಒಂದು ಭಾಗವಾಗಿ ಉಳಿಯಿತು. ಅಜೂರ್ ಎಂಬ ತನ್ನ ಕ್ಲೌಡ್ ಸೇವೆ ಹಾಗೂ ಜಾಲ ಸೇವೆಗಳಿಗೇ ಮೈಕ್ರೋಸಾಫ್ಟ್ ಅಲ್ಲಿ ಆದ್ಯತೆ ಕೊಟ್ಟಿತು. ಆ ಪರೀಕ್ಷೆಯನ್ನು ಒಳಗೊಂಡ ಹಳೆಯ ಪ್ರಮಾಣಪತ್ರ ಶ್ರೇಣಿಯನ್ನೇ 2021ರ ಜನವರಿ 31ರಂದು ಸಂಸ್ಥೆ ನಿಲ್ಲಿಸಿತು. ಅದರ ಜಾಗಕ್ಕೆ 2020ರಲ್ಲಿ ಬಂದ ಅಜೂರ್ ಡೆವಲಪರ್ ಪರೀಕ್ಷೆಯಲ್ಲಿ ಕ್ಲೌಡ್‌ನಲ್ಲಿರುವ ಕಾಸ್ಮಾಸ್ ಡಿಬಿ ಹಾಗೂ ಕಡತ ಸಂಗ್ರಹಕ್ಕೆ ಸ್ಥಾನ ಸಿಕ್ಕಿತೇ ಹೊರತು, ಕೋಷ್ಟಕಗಳಲ್ಲಿ ದತ್ತಾಂಶ ಇಡುವ ಸಾಂಪ್ರದಾಯಿಕ ಡೇಟಾಬೇಸ್ ಬಳಕೆಗೆ ಪ್ರತ್ಯೇಕ ಭಾಗ ಉಳಿಯಲಿಲ್ಲ. ಜಾವಾ 21ರ ಪರೀಕ್ಷೆ ಇದೇ ಹಾದಿಯ ಮುಂದಿನ ಹೆಜ್ಜೆ.

ಕೈಬಿಟ್ಟವರ ವಾದ

ಹೀಗೆ ಕೈಬಿಡುವುದರ ಪರವಾಗಿಯೂ ಹೇಳಬಹುದಾದ ಮಾತುಗಳಿವೆ. ಜೆಡಿಬಿಸಿ ಜಾವಾ ಭಾಷೆಯ ವ್ಯಾಕರಣಕ್ಕೆ ಸೇರಿದ್ದಲ್ಲ, ಅದೊಂದು ಗ್ರಂಥಾಲಯ. ಭಾಷೆಯ ಪರೀಕ್ಷೆಯಲ್ಲಿ ಭಾಷೆಯನ್ನಷ್ಟೇ ಕೇಳುವುದು ಸರಿ ಎನ್ನಬಹುದು. ಎರಡನೆಯದಾಗಿ, ಇಂದು ಕಂಪೆನಿಗಳಲ್ಲಿ ನೇರವಾಗಿ ಜೆಡಿಬಿಸಿ ಅಥವಾ ಎಡಿಒ ಡಾಟ್‌ನೆಟ್ ಬರೆಯುವವರು ಕಡಿಮೆ. ಹೈಬರ್ನೇಟ್, ಸ್ಪ್ರಿಂಗ್, ಎಂಟಿಟಿ ಫ್ರೇಮ್‌ವರ್ಕ್ ಮೊದಲಾದ ಚೌಕಟ್ಟುಗಳು ಆ ಕೆಲಸವನ್ನು ಒಳಗೊಳಗೇ ಮಾಡಿ ಮುಗಿಸುತ್ತವೆ. ಬಳಸುವವನು ಕೋಷ್ಟಕವನ್ನೂ ನೋಡಬೇಕಿಲ್ಲ, ಎಸ್‌ಕ್ಯುಎಲ್ ವಾಕ್ಯವನ್ನೂ ಬರೆಯಬೇಕಿಲ್ಲ.

ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಚೌಕಟ್ಟು ಕೆಲಸವನ್ನು ಮರೆಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಇನ್ನೂರು ವಿದ್ಯಾರ್ಥಿಗಳ ಪಟ್ಟಿಯನ್ನು ಒಂದು ಪ್ರಶ್ನೆಯಲ್ಲಿ ತರಿಸಿ, ಬಳಿಕ ಒಬ್ಬೊಬ್ಬರ ಅಂಕಗಳನ್ನು ತೆರೆಯ ಮೇಲೆ ತೋರಿಸುವಂತೆ ಬರೆದ ನಾಲ್ಕು ಸಾಲಿನ ಕೋಡ್ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಒಳಗೆ ಅದು ಡೇಟಾಬೇಸ್‌ಗೆ 201 ಬಾರಿ ಹೋಗಿಬರುತ್ತಿರಬಹುದು. ಚೌಕಟ್ಟಿನ ಅಡಿಯಲ್ಲಿ ಏನು ನಡೆಯುತ್ತಿದೆ ಎಂಬ ಅರಿವಿಲ್ಲದವನಿಗೆ ಪುಟ ನಿಧಾನವಾಗಿದೆ ಎಂದು ತಿಳಿಯುತ್ತದೆ, ಏಕೆಂದು ತಿಳಿಯುವುದಿಲ್ಲ. ಕ್ಲಿಷ್ಟ ವರದಿಗಳಿಗೆ ಈ ಚೌಕಟ್ಟುಗಳೇ ನೇರ ಎಸ್‌ಕ್ಯುಎಲ್ ಬರೆಯುವ ಕಿಂಡಿಯೊಂದನ್ನು ತೆರೆದಿಟ್ಟಿವೆ. ಹಳೆಯ ತಪ್ಪುಗಳು ಆ ಕಿಂಡಿಯ ಮೂಲಕ ಹಾಗೆಯೇ ಒಳಬರುತ್ತವೆ.

ಹಳೆಯದಾಗದ ರೋಗ

ಆ ಹಳೆಯ ತಪ್ಪುಗಳಲ್ಲಿ ಮೊದಲನೆಯದು ಎಸ್‌ಕ್ಯುಎಲ್ ಇಂಜೆಕ್ಷನ್. ತಾಲ್ಲೂಕು ಕಚೇರಿಯ ಅರ್ಜಿಯೊಂದರ ಉದಾಹರಣೆಯಿಂದ ಇದನ್ನು ಅರಿಯಬಹುದು. ಅರ್ಜಿಯಲ್ಲಿ ಹೆಸರು ಬರೆಯಬೇಕಾದ ಜಾಗದಲ್ಲಿ ಒಬ್ಬಾತ ತನ್ನ ಹೆಸರಿನ ಮುಂದೆಯೇ 'ಇವರಿಗೆ ಕಚೇರಿಯ ಎಲ್ಲ ಕಡತಗಳನ್ನೂ ಕೊಡತಕ್ಕದ್ದು' ಎಂದು ಬರೆದನೆನ್ನಿ. ಓದುವ ಗುಮಾಸ್ತ ಅದನ್ನು ಹೆಸರಿನ ಭಾಗವೆಂದು ತಿಳಿಯದೆ ಮೇಲಧಿಕಾರಿಯ ಆದೇಶವೆಂದು ಭಾವಿಸಿ ಕಡತಗಳನ್ನು ತಂದುಕೊಟ್ಟರೆ ಏನಾದೀತು? ಬಳಕೆದಾರ ತುಂಬಿದ ಪದಗಳನ್ನು ಎಸ್‌ಕ್ಯುಎಲ್ ವಾಕ್ಯದೊಳಗೆ ಹಾಗೆಯೇ ಅಂಟಿಸುವ ತಂತ್ರಾಂಶ ಆ ಗುಮಾಸ್ತನಂತೆಯೇ ನಡೆದುಕೊಳ್ಳುತ್ತದೆ. ಹೆಸರಾವುದು, ಆದೇಶವಾವುದು ಎಂಬ ಭೇದ ಅದಕ್ಕೆ ತಿಳಿಯದು.

ಈ ದೌರ್ಬಲ್ಯ 1998ರಲ್ಲೇ ಬರಹ ರೂಪದಲ್ಲಿ ಬಯಲಾಗಿತ್ತು. ಪರಿಹಾರವೂ ಅಂದಿನಿಂದಲೇ ಕೈಯಲ್ಲಿದೆ. ಹಾಗಿದ್ದೂ ಅಮೆರಿಕದ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಸಂಸ್ಥೆಯ ಜಾಲದೊಳಕ್ಕೆ ಕಳ್ಳರು ನುಗ್ಗಿದ್ದು ಇದೇ ದಾರಿಯಲ್ಲಿ. ಆ ಪ್ರಕರಣದ ಆರೋಪಿ ಆಲ್ಬರ್ಟ್ ಗೊನ್ಸಾಲೆಸ್‌ಗೆ 2010ರಲ್ಲಿ 20 ವರ್ಷಗಳ ಸೆರೆವಾಸ ವಿಧಿಸಲಾಯಿತು. 2015ರಲ್ಲಿ ಬ್ರಿಟನ್‌ನ ಟಾಕ್‌ಟಾಕ್ ದೂರಸಂಪರ್ಕ ಸಂಸ್ಥೆಯ 1.5 ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿವರಗಳು ಹೀಗೆಯೇ ಸೋರಿದವು. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 2016ರ ಅಕ್ಟೋಬರ್‌ನಲ್ಲಿ ಸಂಸ್ಥೆಗೆ 4 ಲಕ್ಷ ಪೌಂಡ್ ದಂಡ ಹಾಕಿತು. ಟಾಕ್‌ಟಾಕ್ ತಾನು ಕೊಂಡುಕೊಂಡ ಇನ್ನೊಂದು ಕಂಪೆನಿಯಿಂದ ಬಳುವಳಿಯಾಗಿ ಬಂದ ಹಳೆಯ ಪುಟಗಳೇ ಅಲ್ಲಿ ಕಳ್ಳಬಾಗಿಲಾಗಿದ್ದವು.

ಇವೆಲ್ಲ ಹಳೆಯ ಕತೆ ಎನ್ನುವಂತೆಯೂ ಇಲ್ಲ. 2023ರ ಮೇ ತಿಂಗಳಲ್ಲಿ ಮೂವ್‌ಇಟ್ ಎಂಬ ಕಡತ ರವಾನೆ ತಂತ್ರಾಂಶದಲ್ಲಿದ್ದ ಇದೇ ಬಗೆಯ ದೋಷವನ್ನು ಸುಲಿಗೆಕೋರರ ತಂಡವೊಂದು ಬಳಸಿಕೊಂಡಿತು. ಜಗತ್ತಿನಾದ್ಯಂತ 2 ಸಾವಿರಕ್ಕೂ ಹೆಚ್ಚು ಸಂಸ್ಥೆಗಳು, ಕೋಟ್ಯಂತರ ಜನರ ಖಾಸಗಿ ವಿವರಗಳು ಅದರ ಪಾಲಾದವು. ಈ ಹಿನ್ನೆಲೆಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಹಾಗೂ ತನಿಖಾ ಸಂಸ್ಥೆ ಎಫ್‌ಬಿಐ 2024ರ ಮಾರ್ಚ್‌ನಲ್ಲಿ ಜಂಟಿ ಎಚ್ಚರಿಕೆ ಹೊರಡಿಸಿದವು. ಎರಡು ದಶಕಗಳಿಂದ ಗೊತ್ತಿರುವ, ಪರಿಹಾರವೂ ಗೊತ್ತಿರುವ ತಪ್ಪು ಇನ್ನೂ ಹೊಸ ತಂತ್ರಾಂಶಗಳಲ್ಲಿ ನುಸುಳುತ್ತಿರುವುದೇಕೆ ಎಂದು ತಯಾರಕರನ್ನೇ ಹೊಣೆ ಮಾಡುವ ಧಾಟಿ ಅದರಲ್ಲಿತ್ತು. ಜಾಲ ಭದ್ರತೆಯ ಅಪಾಯಗಳ ಪಟ್ಟಿ ಪ್ರಕಟಿಸುವ ಓವಾಸ್ಪ್ ಸಂಸ್ಥೆಯ 2010, 2013 ಮತ್ತು 2017ರ ಪಟ್ಟಿಗಳಲ್ಲಿ ಇಂಜೆಕ್ಷನ್ ವರ್ಗದ ದೋಷಗಳಿಗೆ ಮೊದಲ ಸ್ಥಾನವಿತ್ತು. 2021ರಲ್ಲಿ ಅದು ಮೂರನೆಯದಕ್ಕೆ ಇಳಿಯಿತು. ಇಳಿದದ್ದು ಸಮಾಧಾನದ ಸಂಗತಿಯಾದರೂ ಪಟ್ಟಿಯಿಂದ ಅದು ಹೊರಬಿದ್ದಿಲ್ಲ.

ಸಿದ್ಧತೆ ಕಲಿಸುತ್ತಿದ್ದ ನಾಲ್ಕು ಶಿಸ್ತು

ಪರೀಕ್ಷೆಯಲ್ಲಿ ಈ ವಿಷಯ ಇದ್ದಾಗ ಅಭ್ಯರ್ಥಿ ಏನು ಕಲಿಯುತ್ತಿದ್ದ ಎಂಬುದನ್ನು ನೋಡಿದರೆ ನಷ್ಟದ ಪ್ರಮಾಣ ತಿಳಿಯುತ್ತದೆ. ಜೆಡಿಬಿಸಿ ಇರಲಿ, ಎಡಿಒ ಡಾಟ್‌ನೆಟ್ ಇರಲಿ, ಸಿದ್ಧತೆಯ ಸಾರ ನಾಲ್ಕು ಶಿಸ್ತುಗಳಲ್ಲಿತ್ತು.

ಮೊದಲನೆಯದು, ಮೌಲ್ಯವನ್ನು ಆದೇಶದಿಂದ ಬೇರೆ ಇಡುವುದು. ಜಾವಾದಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂಬ ಸೌಲಭ್ಯವಿದೆ. ಎಸ್‌ಕ್ಯುಎಲ್ ವಾಕ್ಯದಲ್ಲಿ ಹೆಸರು ಬರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಇಟ್ಟು ವಾಕ್ಯವನ್ನು ಮೊದಲೇ ಸಿದ್ಧಪಡಿಸಲಾಗುತ್ತದೆ. ಬಳಕೆದಾರ ಕೊಟ್ಟ ಪದ ಆಮೇಲೆ ಪ್ರತ್ಯೇಕವಾಗಿ ಹೋಗುತ್ತದೆ. ಅದರಲ್ಲಿ ಏನೇ ಬರೆದಿದ್ದರೂ ಡೇಟಾಬೇಸ್ ಅದನ್ನು ಬರಿಯ ಹೆಸರೆಂದೇ ಓದುತ್ತದೆ. ಗುಮಾಸ್ತನಿಗೆ ಹೆಸರಿನ ಜಾಗ ಹೆಸರಿಗೆ ಮಾತ್ರ ಎಂದು ಖಚಿತವಾಗಿ ಹೇಳಿಟ್ಟಂತೆ. ಡಾಟ್‌ನೆಟ್‌ನಲ್ಲಿ ಇದೇ ಕೆಲಸವನ್ನು ಪ್ಯಾರಾಮೀಟರ್‌ಗಳು ಮಾಡುತ್ತವೆ. ಹಾರ್ಟ್‌ಲ್ಯಾಂಡ್‌ನಿಂದ ಮೂವ್‌ಇಟ್‌ವರೆಗಿನ ಅನಾಹುತಗಳಿಗೆ ಸಿಸಾ ಎಚ್ಚರಿಕೆಯಲ್ಲಿ ಸೂಚಿಸಿದ ಮದ್ದೂ ಇದೇ.

ಎರಡನೆಯದು ವಹಿವಾಟು, ಅಂದರೆ ಟ್ರಾನ್ಸಾಕ್ಷನ್. ಕರ್ನಾಟಕದ ಓದುಗರಿಗೆ ಇದನ್ನು ವಿವರಿಸಲು ಪಹಣಿಗಿಂತ ಒಳ್ಳೆಯ ನಿದರ್ಶನ ಸಿಗದು. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿತು. ಖಾತೆ ಬದಲಾವಣೆಯ ಹೊತ್ತಿನಲ್ಲಿ ಎರಡು ಕೆಲಸ ಆಗಬೇಕು. ಮಾರಿದವನ ಹೆಸರು ಹೋಗಬೇಕು, ಕೊಂಡವನ ಹೆಸರು ಬರಬೇಕು. ಮೊದಲನೆಯದು ಆಗಿ ಎರಡನೆಯದು ಆಗುವ ಮುನ್ನ ಕರೆಂಟು ಹೋದರೆ? ಜಮೀನು ಯಾರ ಹೆಸರಿನಲ್ಲೂ ಇಲ್ಲದಂತಾಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ಗಂಟಾಗಿ ಕಟ್ಟಬೇಕು. ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಜೆಡಿಬಿಸಿಯಲ್ಲಿ ಪ್ರತ್ಯೇಕವಾಗಿ ಹೇಳದಿದ್ದರೆ ಪ್ರತಿಯೊಂದು ವಾಕ್ಯವೂ ತಕ್ಷಣವೇ ತಾನಾಗಿ ದೃಢಪಡುತ್ತದೆ, ಗಂಟು ಕಟ್ಟುವುದಿಲ್ಲ. ಈ ಸಂಗತಿಯನ್ನು ಪರೀಕ್ಷೆಯ ಭಯದಿಂದಲಾದರೂ ಅಭ್ಯರ್ಥಿಗಳು ಕಲಿಯುತ್ತಿದ್ದರು.

ಮೂರನೆಯದು, ತೆರೆದದ್ದನ್ನು ಮುಚ್ಚುವುದು. ಡೇಟಾಬೇಸ್ ಸಂಪರ್ಕಗಳು ಅಗ್ಗವಲ್ಲ. ಹಾಗಾಗಿ ಒಂದಿಷ್ಟು ಸಂಪರ್ಕಗಳನ್ನು ತೆರೆದಿಟ್ಟು ಸರದಿಯಂತೆ ಹಂಚುವ ಕೊಳದ ವ್ಯವಸ್ಥೆ ಇರುತ್ತದೆ. ಎಸ್‌ಕ್ಯುಎಲ್ ಸರ್ವರ್ ಜತೆ ಎಡಿಒ ಡಾಟ್‌ನೆಟ್ ಬಳಸುವಾಗ, ಬೇರೆ ಹೇಳದಿದ್ದರೆ, ಈ ಕೊಳದ ಮಿತಿ 100. ಕೆಲಸ ಮುಗಿದ ಮೇಲೆ ಹಿಂತಿರುಗಿಸದ ಸಂಪರ್ಕ ಕೊಳಕ್ಕೆ ಬರುವುದಿಲ್ಲ. ನೂರೂ ಹೀಗೆ ಸಿಕ್ಕಿಕೊಂಡರೆ 101ನೆಯವನು 15 ಸೆಕೆಂಡು ಕಾದು ಬರಿಗೈಯಲ್ಲಿ ಮರಳುತ್ತಾನೆ. ಪರೀಕ್ಷಿಸುವಾಗ ಇಬ್ಬರು ಮೂವರೇ ಬಳಸುವುದರಿಂದ ಈ ದೋಷ ಗೊತ್ತಾಗುವುದಿಲ್ಲ. ಸಾವಿರಾರು ಜನ ಒಮ್ಮೆಲೇ ಬರುವ ದಿನ, ಅಂದರೆ ಫಲಿತಾಂಶದ ದಿನ ಅಥವಾ ಅರ್ಜಿ ಸಲ್ಲಿಕೆಯ ಕೊನೆಯ ದಿನ, ಅದು ಬೆಳಕಿಗೆ ಬರುತ್ತದೆ. 2011ರಲ್ಲಿ ಬಂದ ಜಾವಾ 7 ಆವೃತ್ತಿ, ತೆರೆದದ್ದನ್ನು ತಾನಾಗಿ ಮುಚ್ಚುವ ವಾಕ್ಯರಚನೆಯೊಂದನ್ನು ಕೊಟ್ಟಿತು. ಅದನ್ನು ಬಳಸಲು ಮರೆತವನಿಗೆ ಅದರಿಂದ ಪ್ರಯೋಜನವಿಲ್ಲ.

ನಾಲ್ಕನೆಯದು, ಇಬ್ಬರು ಏಕಕಾಲಕ್ಕೆ ಬಂದಾಗಿನ ನಡಾವಳಿ. ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಒಂದೇ ಆಸನ ಉಳಿದಿದೆ. ಇಬ್ಬರೂ ಅದನ್ನು ಖಾಲಿ ಎಂದು ತೆರೆಯ ಮೇಲೆ ಕಂಡಿದ್ದಾರೆ, ಇಬ್ಬರೂ ಹಣ ಕಟ್ಟಿದ್ದಾರೆ. ಬರೆಯುವ ಮುನ್ನ 'ನಾನು ಓದಿದಾಗ ಇದ್ದ ಸ್ಥಿತಿಯೇ ಈಗಲೂ ಇದೆಯೇ' ಎಂದು ತಂತ್ರಾಂಶ ಕೇಳದಿದ್ದರೆ ಎರಡನೆಯವನ ಬರಹ ಮೊದಲನೆಯವನದನ್ನು ಅಳಿಸಿಹಾಕುತ್ತದೆ. ದೋಷ ಸಂದೇಶವೂ ಬರುವುದಿಲ್ಲ. ಸಾಲಿನ ಆವೃತ್ತಿ ಸಂಖ್ಯೆಯನ್ನು ಹೋಲಿಸಿ ನೋಡುವ ವಿಧಾನವನ್ನು 70-516ರ ಅಭ್ಯರ್ಥಿಗಳು ಕಡ್ಡಾಯವಾಗಿ ತಿಳಿಯಬೇಕಿತ್ತು.

ಈ ನಾಲ್ಕರಲ್ಲಿ ಯಾವುದೂ ಇಂದಿಗೆ ಅಪ್ರಸ್ತುತವಾಗಿಲ್ಲ. ಭಾಷೆ ಬದಲಾದರೂ, ಚೌಕಟ್ಟು ಬದಲಾದರೂ, ಡೇಟಾಬೇಸ್ ಕ್ಲೌಡ್‌ಗೆ ಹೋದರೂ ಇವು ಹಾಗೆಯೇ ಉಳಿಯುತ್ತವೆ.

ಬಾಯಿಪಾಠದ ವ್ಯಾಪಾರ

ಹಾಗೆಂದು ಹಳೆಯ ಪರೀಕ್ಷೆಗಳ ಕಾಲ ಸುವರ್ಣಯುಗವಾಗಿತ್ತೆಂದು ಭ್ರಮಿಸಬೇಕಿಲ್ಲ. ಆಗಲೂ ಅನೇಕರು ಈ ಶಿಸ್ತುಗಳನ್ನು ಕಲಿಯದೆಯೇ ತೇರ್ಗಡೆಯಾದರು. ಕಾರಣ 'ಡಂಪ್' ಎಂಬ ಹೆಸರಿನ ಕದ್ದ ಪ್ರಶ್ನೋತ್ತರಗಳು. ಪರೀಕ್ಷೆ ಬರೆದು ಬಂದವರಿಂದ ಪ್ರಶ್ನೆ ಸಂಗ್ರಹಿಸಿ ಮಾರುವ ಈ ದಂಧೆ 1990ರ ದಶಕದಲ್ಲೇ ಬೆಳೆದಿತ್ತು. ಮೈಕ್ರೋಸಾಫ್ಟ್ ಪರೀಕ್ಷೆಗಳ ಪ್ರಶ್ನೆಗಳನ್ನು ಮಾರುತ್ತಿದ್ದ ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಕ್ತಿಯೊಬ್ಬ 2002ರಲ್ಲಿ ವ್ಯಾಪಾರ ರಹಸ್ಯ ಕಳವಿನ ಆರೋಪವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡು ಸೆರೆವಾಸ ಅನುಭವಿಸಿದ. ದಂಧೆ ಅದರಿಂದ ನಿಲ್ಲಲಿಲ್ಲ. ಡಂಪ್ ಬಳಸಿದ್ದು ಸಾಬೀತಾದರೆ ಪ್ರಮಾಣಪತ್ರ ರದ್ದುಮಾಡುವ, ಮುಂದಿನ ಪರೀಕ್ಷೆಗಳಿಗೆ ನಿರ್ಬಂಧ ಹೇರುವ ನಿಯಮಗಳು ಒರಾಕಲ್ ಮತ್ತು ಮೈಕ್ರೋಸಾಫ್ಟ್ ಎರಡರಲ್ಲೂ ಇವೆ.

ಅಭ್ಯರ್ಥಿಗಳನ್ನಷ್ಟೇ ಇದಕ್ಕಾಗಿ ದೂರುವುದು ನ್ಯಾಯವಲ್ಲ. ಪರೀಕ್ಷೆಯ ಶುಲ್ಕ ಹಗುರವಲ್ಲ. ಮೈಕ್ರೋಸಾಫ್ಟ್‌ನ ಮಧ್ಯಮ ಹಂತದ ಪರೀಕ್ಷೆಗೆ ಅಮೆರಿಕದಲ್ಲಿ 165 ಡಾಲರ್ ಇತ್ತು. ಭಾರತದ ದರ ಅದಕ್ಕಿಂತ ಕಡಿಮೆಯಾದರೂ ಸಾವಿರಾರು ರೂಪಾಯಿಯ ಬಾಬತ್ತೇ. ಊರಿನಲ್ಲಿ ತಂದೆ ತಾಯಿ ಕೂಡಿಟ್ಟ ಹಣದಿಂದ ಶುಲ್ಕ ಕಟ್ಟಿ, ಬೆಂಗಳೂರಿನ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಕುಳಿತು ಓದುವವನಿಗೆ ಎರಡನೆಯ ಯತ್ನದ ಅವಕಾಶ ಇರುವುದಿಲ್ಲ. ಜಾವಾ 17ರ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 50 ಪ್ರಶ್ನೆ, ತೇರ್ಗಡೆಗೆ ಶೇ 68 ಅಂಕ ಬೇಕಿತ್ತು. ಪ್ರಶ್ನೆಗಳಾದರೋ ಬಹುಪಾಲು ಆಯ್ಕೆಯ ಮಾದರಿಯವು. ಫಲಿತಾಂಶದ ಕಂಬಸಾಲನ್ನು ಎಣಿಸುವುದು ಸೊನ್ನೆಯಿಂದಲೋ ಒಂದರಿಂದಲೋ ಎಂಬಂಥ ಪ್ರಶ್ನೆಗೆ ಒಂದರಿಂದ ಎಂದು ಬಾಯಿಪಾಠ ಮಾಡಿದರೆ ಸಾಕು. ಖಾತೆ ಬದಲಾವಣೆ ಅರ್ಧಕ್ಕೆ ನಿಂತರೆ ಏನು ಮಾಡುವಿರಿ ಎಂದು ಕೇಳಿ, ಬರೆಸಿ, ನಡೆಸಿ ನೋಡುವ ಏರ್ಪಾಡು ಅಲ್ಲಿಲ್ಲ. ಇಂಥ ಅಳತೆಗೋಲಿಟ್ಟುಕೊಂಡು ಬಾಯಿಪಾಠವನ್ನು ನಿಂದಿಸುವುದು ಕಷ್ಟ.

ಈ ದೃಷ್ಟಿಯಿಂದ ಮೈಕ್ರೋಸಾಫ್ಟ್ 2023ರಲ್ಲಿ ತಂದ ಬದಲಾವಣೆ ಸ್ವಾಗತಾರ್ಹ. ಹುದ್ದೆ ಆಧಾರಿತ ಪರೀಕ್ಷೆಗಳಲ್ಲಿ ಅಭ್ಯರ್ಥಿ ತನ್ನ ಸಮಯದೊಳಗೇ ಸಂಸ್ಥೆಯ ಅಧಿಕೃತ ಕಲಿಕಾ ದಾಖಲೆಗಳನ್ನು ತೆರೆದು ನೋಡಲು ಅದು ಅನುಮತಿ ಕೊಟ್ಟಿತು. ಹೆಸರು, ಸಂಖ್ಯೆಗಳ ನೆನಪಿಗಿಂತ ವಿವೇಚನೆಯನ್ನು ಅಳೆಯುವತ್ತ ಇದೊಂದು ಹೆಜ್ಜೆ. ವಿಪರ್ಯಾಸವೆಂದರೆ, ಅಳೆಯುವ ಕ್ರಮ ಸುಧಾರಿಸುವ ಹೊತ್ತಿಗೆ ಅಳೆಯಬೇಕಾದ ಈ ವಿಷಯವೇ ಪಟ್ಟಿಯಲ್ಲಿಲ್ಲ.

ಯಂತ್ರ ಬರೆದದ್ದನ್ನು ಓದುವವರಾರು?

ಈಗ ಇನ್ನೊಂದು ತೊಡಕು ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ಸಹಾಯಕಗಳು ಡೇಟಾಬೇಸ್ ಸಂಪರ್ಕದ ಕೋಡನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಕಲಿಯುವ ಅಗತ್ಯವೇ ಇಲ್ಲವೆಂಬ ಭಾವನೆ ಇದರಿಂದ ಬಲಗೊಂಡಿದೆ. ಗಿಟ್‌ಹಬ್ ಕೋಪೈಲಟ್ ಹೊರಬಂದ 2021ರಲ್ಲೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಒರೆಗೆ ಹಚ್ಚಿದ್ದರು. ಭದ್ರತೆಯ ದೃಷ್ಟಿಯಿಂದ ಸೂಕ್ಷ್ಮವಾದ 89 ಸಂದರ್ಭಗಳಲ್ಲಿ ಅದು ಬರೆದ 1,689 ಕ್ರಮವಿಧಿಗಳ ಪೈಕಿ ಸುಮಾರು ಶೇ 40ರಲ್ಲಿ ದೌರ್ಬಲ್ಯಗಳು ಕಂಡವು. ಆ ಬಳಿಕ ಈ ಸಾಧನಗಳು ಸಾಕಷ್ಟು ಸುಧಾರಿಸಿವೆ ಎಂಬುದು ನಿಜ. ಆದರೂ ಯಂತ್ರ ಬರೆದ ಹತ್ತು ಸಾಲಿನಲ್ಲಿ ವಹಿವಾಟಿನ ಗಂಟು ಇದೆಯೇ, ಸಂಪರ್ಕ ಮುಚ್ಚಿದೆಯೇ ಎಂದು ನೋಡಿ ಸಹಿ ಹಾಕಬೇಕಾದವನು ಮನುಷ್ಯನೇ. ಬರೆಯುವ ಶ್ರಮ ತಗ್ಗಿದಷ್ಟೂ ಓದಿ ತಪ್ಪು ಹಿಡಿಯುವ ಹೊಣೆ ಹೆಚ್ಚುತ್ತದೆ. ಆ ಕಣ್ಣು ಬರುವುದು ಒಮ್ಮೆಯಾದರೂ ಕೈಯಾರೆ ಬರೆದು ಎಡವಿದವರಿಗೆ.

ಕಾನೂನು ಕೂಡ ಈ ಹೊಣೆಯನ್ನು ಬಿಗಿಗೊಳಿಸುತ್ತಿದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಜನರ ವಿವರಗಳನ್ನು ಕಾಪಾಡಲು ತಕ್ಕಷ್ಟು ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಅದರ ನಿಯಮಗಳನ್ನು ಕೇಂದ್ರ ಸರಕಾರ 2025ರ ನವೆಂಬರ್‌ನಲ್ಲಿ ಅಧಿಸೂಚಿಸಿದ್ದು, ಮುಖ್ಯ ಅಂಶಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಿದೆ. ಒಂದು ಸಾಲಿನ ಅಜಾಗರೂಕತೆಗೆ ಇಷ್ಟು ಬೆಲೆ ತೆರಬೇಕಾದ ಸಂಸ್ಥೆಗಳು, ಆ ಸಾಲು ಬರೆಯುವವನನ್ನು ನೇಮಿಸಿಕೊಳ್ಳುವಾಗ ಪ್ರಮಾಣಪತ್ರದ ಹೆಸರು ನೋಡಿ ತೃಪ್ತಿಪಡಲಾಗದು.

ಮಾಡಬೇಕಾದದ್ದು

ಪರಿಹಾರ ಮೂರು ಕಡೆಯಿಂದ ಬರಬೇಕಿದೆ. ಮೊದಲನೆಯದಾಗಿ ಕಾಲೇಜುಗಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ಪಠ್ಯಕ್ರಮದಲ್ಲಿ ಡೇಟಾಬೇಸ್ ಮೊದಲಿನಿಂದಲೂ ಮುಖ್ಯ ವಿಷಯ. 2015 ಹಾಗೂ 2018ರ ಪಠ್ಯಕ್ರಮಗಳ ಡೇಟಾಬೇಸ್ ಪ್ರಯೋಗಾಲಯದಲ್ಲಿ ಕಿರುಯೋಜನೆಯೂ ಇತ್ತು. ಜಾವಾ, ಪಿಎಚ್‌ಪಿ, ಪೈಥಾನ್ ಮುಂತಾದ ಯಾವುದಾದರೂ ಭಾಷೆಯಲ್ಲಿ ಡೇಟಾಬೇಸ್ ಬಳಸುವ ಸಣ್ಣ ತಂತ್ರಾಂಶವನ್ನು ವಿದ್ಯಾರ್ಥಿ ಕಟ್ಟಬೇಕಿತ್ತು. ಇದು ಸರಿಯಾದ ದಿಕ್ಕು. ಆದರೆ ಇಂಥ ಕಿರುಯೋಜನೆಯ ಮೌಲ್ಯಮಾಪನದಲ್ಲಿ ಪರದೆಯ ಅಂದಕ್ಕಿಂತ ಮುಖ್ಯವಾಗಿ ನೋಡಬೇಕಾದುದು ಬೇರೆಯೇ ಇದೆ. ಹೆಸರಿನ ಜಾಗದಲ್ಲಿ ಉದ್ಧರಣ ಚಿಹ್ನೆ ಹಾಕಿದರೆ ಏನಾಗುತ್ತದೆ, ಎರಡು ಕೆಲಸಗಳ ನಡುವೆ ತಂತ್ರಾಂಶವನ್ನು ನಿಲ್ಲಿಸಿದರೆ ಏನಾಗುತ್ತದೆ ಎಂದು ಅಧ್ಯಾಪಕರು ಅಲ್ಲಿಯೇ ಪರೀಕ್ಷಿಸಿದರೆ ಐದು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ. ಅಂಗಡಿಯಿಂದ ಕೊಂಡು ತಂದ ಯೋಜನೆ ಯಾವುದು, ಸ್ವಂತದ್ದು ಯಾವುದು ಎಂಬುದೂ ತಿಳಿಯುತ್ತದೆ.

ಎರಡನೆಯದಾಗಿ ನೇಮಕ ಮಾಡುವವರು. ಸಂದರ್ಶನದಲ್ಲಿ ಒಗಟಿನಂಥ ಲೆಕ್ಕಗಳನ್ನು ಬಿಡಿಸಲು ಕೊಡುವ ಬದಲು, ತಪ್ಪುಗಳಿರುವ ಇಪ್ಪತ್ತು ಸಾಲಿನ ಕೋಡನ್ನು ಮುಂದಿಟ್ಟು ಇದರಲ್ಲಿ ಏನು ಕೊರತೆಯಿದೆ ಎಂದು ಕೇಳಿದರೆ ಅಭ್ಯರ್ಥಿಯ ಯೋಗ್ಯತೆ ಕಾಗದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೂರನೆಯದಾಗಿ ಅಭ್ಯರ್ಥಿಗಳೇ. ಪ್ರಮಾಣಪತ್ರಕ್ಕೆ ಓದುವುದರಲ್ಲಿ ತಪ್ಪಿಲ್ಲ. ಓದಿಗೆ ಅದೊಂದು ಚೌಕಟ್ಟು ಹಾಗೂ ಗಡುವನ್ನು ಕೊಡುತ್ತದೆ. ಆದರೆ ಪಠ್ಯಕ್ರಮದಲ್ಲಿ ಇಲ್ಲವೆಂದು ಡೇಟಾಬೇಸ್ ಪಾಠವನ್ನು ಬಿಡುವುದು ಜಾಣತನವಲ್ಲ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಎಲ್ಲವೂ ಕಲಿಯಲು ಉಚಿತವಾಗಿ ಸಿಗುತ್ತವೆ. ಎರಡೇ ಕೋಷ್ಟಕಗಳ ಪುಟ್ಟ ಖಾತೆ ಪುಸ್ತಕವೊಂದನ್ನು ಕಟ್ಟಿ, ಮೊದಲು ಚೌಕಟ್ಟಿನ ನೆರವಿಲ್ಲದೆ ಜೆಡಿಬಿಸಿ ಅಥವಾ ಎಡಿಒ ಡಾಟ್‌ನೆಟ್‌ನಲ್ಲಿ ನೇರವಾಗಿ ಬರೆಯಬೇಕು. ಬಳಿಕ ಬೇಕೆಂದೇ ಅದನ್ನು ಕೆಡಿಸಬೇಕು. ವಾಕ್ಯದೊಳಗೆ ಪದ ಅಂಟಿಸಿ ತನ್ನ ತಂತ್ರಾಂಶಕ್ಕೆ ತಾನೇ ಕನ್ನ ಹಾಕಬೇಕು, ಸಂಪರ್ಕ ಮುಚ್ಚದೆ ಬಿಟ್ಟು ಕೊಳ ಬತ್ತುವುದನ್ನು ಕಾಣಬೇಕು, ಎರಡು ಕಿಟಕಿಗಳಿಂದ ಒಂದೇ ಸಾಲನ್ನು ಬದಲಿಸಿ ಯಾರ ಬರಹ ಉಳಿಯಿತೆಂದು ನೋಡಬೇಕು. ಆಮೇಲೆ ಒಂದೊಂದಾಗಿ ಸರಿಪಡಿಸಿ, ಅದೇ ಪುಸ್ತಕವನ್ನು ಹೈಬರ್ನೇಟ್ ಅಥವಾ ಎಂಟಿಟಿ ಫ್ರೇಮ್‌ವರ್ಕ್‌ನಲ್ಲಿ ಮತ್ತೆ ಬರೆದು, ಒಳಗೆ ಹುಟ್ಟುವ ಎಸ್‌ಕ್ಯುಎಲ್ ವಾಕ್ಯಗಳನ್ನು ದಾಖಲೆಯಲ್ಲಿ ಎಣಿಸಬೇಕು. ದಿನಕ್ಕೆ ಎರಡು ಗಂಟೆಯಂತೆ ಓದಿದರೂ ಆರೇಳು ವಾರಗಳ ಕೆಲಸವಿದು. ಯಾವ ಡಂಪ್ ಕೂಡ ಇದನ್ನು ಕಲಿಸದು.

ಪರೀಕ್ಷೆ ನಡೆಸುವ ಸಂಸ್ಥೆಗಳಿಗೆ ತಮ್ಮ ಮಾರುಕಟ್ಟೆಯ ಲೆಕ್ಕಾಚಾರವಿರುತ್ತದೆ. ಯಾವ ಅಧ್ಯಾಯ ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಅವು ತಮ್ಮ ಅನುಕೂಲದಂತೆ ತೀರ್ಮಾನಿಸುತ್ತವೆ. ತಂತ್ರಾಂಶದ ಹಿಂದಿರುವ ಡೇಟಾಬೇಸ್‌ನಲ್ಲಿ ತನ್ನ ಹೊಲ, ತನ್ನ ಖಾತೆ, ತನ್ನ ಅಂಕಪಟ್ಟಿಯನ್ನು ನಂಬಿ ಇಟ್ಟಿರುವ ಸಾಮಾನ್ಯನಿಗೆ ಆ ತೀರ್ಮಾನದಲ್ಲಿ ಪಾತ್ರವಿಲ್ಲ, ಆದರೆ ಅದು ತಪ್ಪಿದಾಗಿನ ನಷ್ಟ ಅವನದೇ. ಪರೀಕ್ಷೆ ಕೇಳಲಿ ಬಿಡಲಿ, ಈ ಪಾಠವನ್ನು ಕಲಿತಿರುವುದು ತಂತ್ರಾಂಶ ಬರೆಯುವ ಪ್ರತಿಯೊಬ್ಬನೂ ಆತನಿಗೆ ಸಲ್ಲಿಸಬೇಕಾದ ಕನಿಷ್ಠ ಋಣ.